ಪ್ಲೇಟಿನಲ್ಲಿ ಉಳಿದ ದನಿ

ಬೇಕಾದ ಹಾಡು ಬೇಕಾದಾಗ ಮೊಬೈಲಿನಲ್ಲಿ ಸಿಗುವ ಕಾಲದಲ್ಲಿ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಯಾಕೆ ಕಾಪಾಡಬೇಕು? ಅವುಗಳನ್ನು ಮಾರುವ ಅಂಗಡಿಗಳು ಯಾಕೆ ಉಳಿಯಬೇಕು? ಅಮೆರಿಕದಲ್ಲಿ 2022ರಲ್ಲಿ ಪ್ಲೇಟುಗಳು ಸಿಡಿಗಳಿಗಿಂತ ಹೆಚ್ಚು ಮಾರಾಟವಾದವು. 1987ರ ನಂತರ ಹಾಗಾದದ್ದು ಅದೇ ಮೊದಲು. ಅಲ್ಲಿನ ಸ್ವತಂತ್ರ ರೆಕಾರ್ಡ್ ಅಂಗಡಿಗಳು 2008ರಿಂದ ವರ್ಷಕ್ಕೊಮ್ಮೆ ತಮ್ಮದೇ ಹಬ್ಬ ಮಾಡುತ್ತ ಬಂದಿವೆ. ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಜನಕ್ಕೆ ಇದು ಉಳ್ಳವರ ಶೋಕಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಈ ಪ್ರಶ್ನೆಗೆ ಅಮೆರಿಕದವರಿಗಿಂತ ಮೊದಲು ಉತ್ತರ ಹುಡುಕಬೇಕಾದವರು ನಾವು.

ಇಂಡಿ ಸೀಮೆಯ ಹಲಸಂಗಿಯ ಗೆಳೆಯರ ಬಳಗದ ಬರಹಗಾರರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಕನ್ನಡಕ್ಕೆ ಅದೊಂದು ದೊಡ್ಡ ಉಪಕಾರ. ಅಕ್ಷರ ಮಾಡಬಹುದಾದ ಕೆಲಸವನ್ನು ಅವರು ಪೂರ್ತಿ ಮಾಡಿದರು. ಆದರೆ ಬೀಸುವಾಗ ಆ ಹಾಡಿಗಿದ್ದ ಧಾಟಿ, ದನಿಯ ಬಳುಕು, ಉಸಿರು ನಿಲ್ಲುತ್ತಿದ್ದ ಜಾಗ ಯಾವುದೂ ಕಾಗದಕ್ಕೆ ಇಳಿಯಲಿಲ್ಲ. ಹಾಡಿದವರು ಹೋದಂತೆ ಅವರ ದನಿಗಳೂ ಹೋದವು.

ದನಿ ಉಳಿದದ್ದು ಪ್ಲೇಟಿನಲ್ಲಿ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನು ಎಲ್ಲರೂ ಬಲ್ಲರು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಅವರು ಕೊಟ್ಟ ಪ್ಲೇಟುಗಳಲ್ಲಿ ಮಾತ್ರ ಆ ಕಂಠ ಬದಲಾಗುವ ಮುಂಚಿನ ತೆಳುವಾದ, ಎತ್ತರದ ದನಿ ಇದೆ. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿ ‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದದ್ದರಲ್ಲಿ ಪ್ಲೇಟಿನ ಪಾಲೂ ಇದೆ.

ಅಂಥ ಒಂದು ಪ್ಲೇಟನ್ನು ಕೈಗೆತ್ತಿಕೊಂಡು ನೋಡಿ. ಅರಗು ಮತ್ತು ಕಲ್ಲಿನ ಪುಡಿಯಿಂದ ಮಾಡಿದ ಹತ್ತಿಂಚಿನ ಬಿಲ್ಲೆ, ಕೈಜಾರಿದರೆ ಚೂರು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟು ಹಾಡು. ಗಂಟೆಗಟ್ಟಲೆ ರಾಗ ಬೆಳೆಸಬಲ್ಲವರು ಆ ಮೂರು ನಿಮಿಷದಲ್ಲೇ ರಾಗದ ಮುಖ ತೋರಿಸಬೇಕಿತ್ತು. ನಡುವಿನ ಚೀಟಿಯ ಮೇಲೆ ಹಾಡಿದವರ ಹೆಸರು, ಹಾಡಿನ ಬಗೆ, ಕಂಪನಿ, ಸಂಖ್ಯೆ. ಇದು ಇತಿಹಾಸದ ದಾಖಲೆ. ಅದೇ ಹಾಡು ಮೊಬೈಲಿಗೆ ಬರುವಾಗ ಎಷ್ಟೋ ಸಲ ಹಾಡಿದವರ ಹೆಸರೇ ಬಿಟ್ಟುಹೋಗಿರುತ್ತದೆ.

ಇನ್ನು ಅಂಗಡಿಯ ಮಾತು. ನಮ್ಮ ತಾಲೂಕು ಊರುಗಳಲ್ಲಿ ಆ ಜಾಗ ತುಂಬಿದವರು ಮೈಕ್ ಸೆಟ್ಟಿನವರು. ಮದುವೆ, ಜಾತ್ರೆ, ನಾಟಕದ ಕಂಪನಿ ಯಾವುದಿದ್ದರೂ ಪ್ಲೇಟಿನ ಪೆಟ್ಟಿಗೆ ಹೊತ್ತು ತರುತ್ತಿದ್ದವರು ಅವರೇ. ಬೆಳಗಿಗೆ ಭಕ್ತಿಗೀತೆ, ಅಕ್ಕಿಕಾಳಿನ ಹೊತ್ತಿಗೆ ಇನ್ನೊಂದು, ಸಂಜೆಗೆ ರಂಗಗೀತೆ ಎಂದು ಆರಿಸುತ್ತಿದ್ದರು. ಆಮೇಲೆ ಕ್ಯಾಸೆಟ್ ಅಂಗಡಿ ಬಂತು, ಅದರ ಬೆನ್ನಿಗೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿ. ಹಾಡು ಅಗ್ಗವಾಯಿತು, ಎಲ್ಲರಿಗೂ ದಕ್ಕಿತು. ಅದು ಒಳ್ಳೆಯದೇ ಆಯಿತು. ಆದರೆ ‘ಇದನ್ನ ಕೇಳ್ರಿ’ ಎಂದು ಹೇಳುವ, ಊರಿನ ಕಿವಿ ಬಲ್ಲ ಮನುಷ್ಯ ನಡುವಿನಿಂದ ಜಾರಿಹೋದ. ಇಂದು ಆರಿಸುವ ಯಂತ್ರ ಹೆಚ್ಚು ಜನ ಕೇಳಿದ್ದನ್ನೇ ಮತ್ತೆ ಮುಂದಿಡುತ್ತದೆ. ಕೇಳುವವರು ಕಡಿಮೆಯಾದ ದನಿ ಇನ್ನಷ್ಟು ಹಿಂದೆ ಸರಿಯುತ್ತದೆ.

ಎಲ್ಲವೂ ಈಗ ಡಿಜಿಟಲ್ ಆಗಿದೆಯಲ್ಲ ಎನ್ನುವವರಿದ್ದಾರೆ. ಎಲ್ಲವೂ ಆಗಿಲ್ಲ. ಕಂಪನಿಗಳು ಮೊದಲು ನೋಡುವುದು ಮಾರಾಟವಾಗುವುದನ್ನು. ಅವರು ತೆಗೆದುಹಾಕಿದರೆ ಹಾಡು ನಮ್ಮ ಫೋನಿನಿಂದಲೂ ಮಾಯ; ಮನೆಯಲ್ಲಿರುವ ಪ್ಲೇಟನ್ನು ಮಾತ್ರ ಯಾರೂ ಹಿಂದಕ್ಕೆ ಪಡೆಯಲಾರರು. ಹೊಸ ವಿನೈಲ್ ಪ್ಲೇಟು ದುಬಾರಿ ಎಂಬುದು ನಿಜ. ಅದನ್ನು ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಅಟ್ಟದ ಮೇಲಿರುವ ಹಳೆಯದನ್ನು ಗುಜರಿಗೆ ಹಾಕಬೇಡಿ ಎನ್ನುತ್ತಿದ್ದೇನೆ.

ಇದಕ್ಕೆ ದಾರಿ ತೋರಿದವರು ನಮ್ಮ ಜಿಲ್ಲೆಯಲ್ಲೇ ಇದ್ದರು. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, ಮನೆ ಮಾರಿ ಮುದ್ರಣಾಲಯ ಹಾಕಿದರು. ಜಗುಲಿಯ ಮೇಲೆ ಗಂಟಾಗಿ ಪೂಜೆಗೊಳ್ಳುತ್ತಿದ್ದ ವಚನ ಹಾಗೆ ಜನರ ಕೈಗೆ ಬಂತು. ಪ್ಲೇಟುಗಳ ವಿಷಯದಲ್ಲಿ ಮುಂಬೈಯ ರೆಕಾರ್ಡ್ ಸಂಗ್ರಾಹಕರ ಸಂಘ 1990ರಿಂದ ಇಂಥದೇ ಕೆಲಸ ಮಾಡುತ್ತಿದೆ. ಇಂಡಿಗೆ ಹತ್ತಿರದ ಸೊಲ್ಲಾಪುರದ ಸಂಗ್ರಾಹಕರೂ ಅದರಲ್ಲಿ ದುಡಿದಿದ್ದಾರೆ.

ಹೀಗೆ ಕೂಡಿಸಿದ ಪ್ಲೇಟುಗಳನ್ನು ನಕಲು ಮಾಡಿ ಜನರಿಗೆ ಕೇಳಿಸಲು ಕಾನೂನೂ ಬಹುಮಟ್ಟಿಗೆ ಅಡ್ಡ ಬರುವುದಿಲ್ಲ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 78 ಸುತ್ತಿನ ಪ್ಲೇಟುಗಳಲ್ಲಿ ಬಹುಪಾಲಿಗೆ ಆ ಅವಧಿ ಮುಗಿದಿದೆ. ಹಾಡು ಬರೆದವರ ಹಕ್ಕು ಬೇರೆ, ಅದನ್ನಷ್ಟು ವಿಚಾರಿಸಿಕೊಳ್ಳಬೇಕು. ನಾಲ್ಕೂ ತಾಲೂಕುಗಳ ಗ್ರಂಥಾಲಯಗಳಲ್ಲಿ ಒಂದು ಕಪಾಟು, ಒಂದು ಪ್ಲೇಯರ್, ಹಳೆಯ ಮೈಕ್ ಸೆಟ್ಟಿನವರಲ್ಲಿ ಒಬ್ಬರಿಗೆ ಗೌರವಧನ ಇದ್ದರೆ ಕೆಲಸ ಶುರುವಾಗುತ್ತದೆ. ಪುಸ್ತಕಕ್ಕೆ ಸರಕಾರದ ದುಡ್ಡು ಸಲ್ಲುವುದಾದರೆ ದನಿಗೂ ಸಲ್ಲಬೇಕು. ಎರಡೂ ಇದೇ ಜನರ ಬಾಯಿಂದ ಬಂದ ಕನ್ನಡ.