ಮೊಳಕೆ ನೋಡಿ ಬೆಳೆ ಅಳೆಯಬಹುದೇ?

‘ಬೆಳೆಯುವ ಸಿರಿ ಮೊಳಕೆಯಲ್ಲೇ’ ಎಂಬ ಗಾದೆಯನ್ನು ನಮ್ಮ ಶಾಲೆಗಳು ಅತಿಯಾಗಿ ನಂಬುತ್ತವೆ. ಏಳನೇ ತರಗತಿಯ ಹುಡುಗನೊಬ್ಬ ಎಲ್ಲರಿಗಿಂತ ದೂರ ಚೆಂಡು ಒದ್ದರೆ ‘ಇವನು ದೊಡ್ಡ ಆಟಗಾರನಾಗುತ್ತಾನೆ’ ಎಂದುಬಿಡುತ್ತೇವೆ. ಹತ್ತು ವರ್ಷಗಳ ನಂತರ ಅವನು ಯಾವ ತಂಡದಲ್ಲೂ ಕಾಣದಿದ್ದರೆ ‘ಶ್ರಮ ಹಾಕಲಿಲ್ಲ’ ಎನ್ನುತ್ತೇವೆ. ಎರಡೂ ಅವಸರದ ತೀರ್ಪುಗಳೇ. ಭರವಸೆ ಮೂಡಿಸಿದ ಫುಟ್‌ಬಾಲ್ ಹುಡುಗರು ಕ್ಲಬ್‌ನ ಮೊದಲ ತಂಡ ತಲುಪದಿರಲು ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣಗಳು ಎರಡು. ಆಯ್ಕೆ ಮಾಡುವಾಗ ನಾವು ಪ್ರತಿಭೆಗಿಂತ ಮೈಬೆಳವಣಿಗೆಯನ್ನು ಅಳೆಯುತ್ತೇವೆ. ಆಯ್ಕೆಯಾದವರಿಗೆ ಮುಂದೆ ಆಡಲು ಸಾಕಷ್ಟು ಪಂದ್ಯಗಳನ್ನು ಕೊಡುವುದಿಲ್ಲ. ಎರಡೂ ಶುರುವಾಗುವುದು ಶಾಲೆಯಲ್ಲಿ. ಹಾಗಾಗಿ ಇದು ಕ್ರೀಡಾ ಪುಟದ ವಿಷಯ ಮಾತ್ರವಲ್ಲ, ಪ್ರಶಿಕ್ಷಣಾರ್ಥಿಗಳಾದ ನಮ್ಮ ವಿಷಯವೂ ಹೌದು.

ಜೀವಶಾಸ್ತ್ರ ಓದಿದವರಿಗೆ ಮೊದಲ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಹುಡುಗರು ಅತಿ ವೇಗವಾಗಿ ಎತ್ತರವಾಗುವುದು ಸರಾಸರಿ 14ನೇ ವಯಸ್ಸಿನ ಆಸುಪಾಸಿನಲ್ಲಿ, ಹುಡುಗಿಯರು 12ರ ಆಸುಪಾಸಿನಲ್ಲಿ. ಆದರೆ ಇದು ಸರಾಸರಿ ಮಾತ್ರ. ಒಂದೇ ಬೆಂಚಿನಲ್ಲಿ ಕೂತ 13 ವರ್ಷದ ಇಬ್ಬರು ಹುಡುಗರ ದೈಹಿಕ ಪಕ್ವತೆಯಲ್ಲಿ ಎರಡು ಮೂರು ವರ್ಷಗಳ ಅಂತರ ಇರಬಹುದು. ಬೇಗ ಬೆಳೆದವನು ಭುಜ ಕೊಟ್ಟು ಚೆಂಡು ಕಸಿಯುತ್ತಾನೆ, ಓಡಿ ಗೋಲು ಹೊಡೆಯುತ್ತಾನೆ, ತಂಡಕ್ಕೆ ಆಯ್ಕೆಯಾಗುತ್ತಾನೆ. 17–18ರ ಹೊತ್ತಿಗೆ ಉಳಿದವರೂ ಅವನಷ್ಟೇ ಬೆಳೆದಾಗ ಆ ಅನುಕೂಲ ಕರಗಿಹೋಗುತ್ತದೆ. ಬಲದಿಂದಲೇ ಗೆದ್ದುಬಂದವನು ಚೆಂಡನ್ನು ಕಾಲಲ್ಲಿ ಹಿಡಿದಿಡುವುದನ್ನು, ಜಾಗ ನೋಡಿ ಪಾಸ್ ಕೊಡುವುದನ್ನು ಸರಿಯಾಗಿ ಕಲಿತಿರುವುದೇ ಇಲ್ಲ. ಇತ್ತ ಆ ಕೌಶಲವಿದ್ದ ಸಣ್ಣ ಮೈಯ ಹುಡುಗ 14ರಲ್ಲೇ ಆಟ ಬಿಟ್ಟಿರುತ್ತಾನೆ. ಒಂದೇ ತಪ್ಪು ಆಯ್ಕೆಯಿಂದ ಇಬ್ಬರನ್ನೂ ಕಳೆದುಕೊಳ್ಳುತ್ತೇವೆ.

ಇದಕ್ಕೆ ಹುಟ್ಟಿದ ತಿಂಗಳೂ ಸೇರಿಕೊಳ್ಳುತ್ತದೆ. ಶಾಲಾ ಕ್ರೀಡಾಕೂಟಗಳು 14, 17, 19 ವರ್ಷದೊಳಗಿನವರೆಂದು ವಿಭಾಗಿಸುತ್ತವೆ. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ವಯೋಮಿತಿ ಲೆಕ್ಕ ಶುರುವಾಗುವುದು ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹದಿಮೂರರ ಪ್ರಾಯದಲ್ಲಿ ಈ ಹನ್ನೊಂದು ತಿಂಗಳು ಸಣ್ಣ ಅಂತರವಲ್ಲ. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂಬುದನ್ನು 1985ರಲ್ಲೇ ಸಂಶೋಧಕರು ತೋರಿಸಿದರು. ಮುಂದೆ ಹಲವು ದೇಶಗಳ ಫುಟ್‌ಬಾಲ್‌ನಲ್ಲೂ ಇದೇ ಕಂಡಿತು. ಇದನ್ನು ‘ಸಾಪೇಕ್ಷ ವಯಸ್ಸಿನ ಪರಿಣಾಮ’ ಎನ್ನುತ್ತಾರೆ. ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ದಾಖಲಾತಿ ವಹಿ ಕೇಳಿ ಪಡೆದು ತಂಡದಲ್ಲಿರುವ ಮಕ್ಕಳ ಜನ್ಮದಿನಾಂಕಗಳನ್ನು ತಿಂಗಳುವಾರು ಬರೆದು ನೋಡಿದರೆ ಒಳ್ಳೆಯ ಕ್ರಿಯಾ ಸಂಶೋಧನೆಯೇ ಆಗುತ್ತದೆ.

ಸಣ್ಣವನೆಂದು ಬಿಟ್ಟವರು ಮರಳಿ ಬಂದ ಉದಾಹರಣೆಗಳೂ ಇವೆ. ಇಂಗ್ಲೆಂಡಿನ ಜೇಮಿ ವಾರ್ಡಿಯನ್ನು ಹದಿಹರೆಯದಲ್ಲಿ ಮೈಕಟ್ಟು ಸಣ್ಣದೆಂದು ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ ಕೈಬಿಟ್ಟಿತು. ಆತ ಕಾರ್ಖಾನೆಯಲ್ಲಿ ದುಡಿಯುತ್ತ ಕೆಳಹಂತದ ಲೀಗ್‌ಗಳಲ್ಲಿ ಆಡಿ, 2012ರಲ್ಲಿ ಲೆಸ್ಟರ್ ಸಿಟಿ ಸೇರಿ, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ. ಆತನ ಛಲ ದೊಡ್ಡದು, ನಿಜ. ಆದರೆ ಕೈಬಿಟ್ಟ ಮೇಲೂ ಆಡಲು ವಾರವಾರ ಒಂದು ಪಂದ್ಯ ಇತ್ತು ಎಂಬುದನ್ನು ಮರೆಯಬಾರದು.

ಎರಡನೆಯ ಕಾರಣ ಇಲ್ಲೇ ಇದೆ. ನಮ್ಮ ರಾಜ್ಯದ ಪ್ರಮುಖ ಕ್ಲಬ್ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2018–19ರಲ್ಲಿ ಐಎಸ್‌ಎಲ್ ಚಾಂಪಿಯನ್ ಆಯಿತು. ಯುವ ತಂಡಗಳಿಗೆ, ಅಕಾಡೆಮಿಗೆ ಹಣ ಹಾಕಿತು. ಹಾಗಿದ್ದೂ ಅಲ್ಲಿಂದ ಮೊದಲ ತಂಡಕ್ಕೆ ಏರಿದವರು ಕೆಲವರೇ. ಏರಿದವರಲ್ಲಿ ರೋಷನ್ ಸಿಂಗ್ ಮಣಿಪುರದವರು, ಶಿವಶಕ್ತಿ ನಾರಾಯಣನ್ ತಮಿಳುನಾಡಿನವರು. ಇಬ್ಬರೂ ಕ್ಲಬ್‌ನ ಎರಡನೇ ತಂಡದಲ್ಲಿ ಆಡಿ ಪಳಗಿದವರು. 2021–22ರಲ್ಲಿ ರೋಷನ್, ಮರುವರ್ಷ ಶಿವಶಕ್ತಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಪ್ರಶಸ್ತಿ ಬಂದಾಗ ರೋಷನ್‌ಗೆ 23 ವರ್ಷ. ಅಂದರೆ 17ಕ್ಕೂ 23ಕ್ಕೂ ನಡುವಿನ ಆರು ವರ್ಷಗಳೇ ನಿರ್ಣಾಯಕ.

ಆ ವರ್ಷಗಳಲ್ಲಿ ಭಾರತದ ಹುಡುಗನಿಗೆ ಪಂದ್ಯಗಳು ಸಿಗುವುದೇ ಕಷ್ಟ. ಯುವಕರಿಗೆ ಪಂದ್ಯದ ಅನುಭವ ಕೊಡಲೆಂದೇ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಕಟ್ಟಿದ ಇಂಡಿಯನ್ ಆ್ಯರೋಸ್ ತಂಡ 2022ರಲ್ಲಿ ನಿಂತುಹೋಯಿತು. ಯುವ ಆಟಗಾರರಿಗಾಗಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಶುರುವಾದದ್ದೂ 2022ರಲ್ಲೇ. ಮೊದಲ ವರ್ಷ ಗೆದ್ದದ್ದು ಬೆಂಗಳೂರು ಎಫ್‌ಸಿ. ಐಎಸ್‌ಎಲ್‌ನಲ್ಲಿ ಮುಂಚೂಣಿ ಆಟಗಾರನ ಜಾಗ ಹೆಚ್ಚಾಗಿ ವಿದೇಶಿಯರ ಪಾಲು. ಸೋತರೆ ಕೋಚ್‌ನ ಕೆಲಸಕ್ಕೇ ಕುತ್ತು ಬರುವಾಗ ಅವರು 19ರ ಹುಡುಗನನ್ನು ಇಳಿಸಲು ಹಿಂಜರಿಯುವುದು ಸಹಜ. ಇದರ ಫಲವೇನೆಂದರೆ, ನಿವೃತ್ತರಾಗಿದ್ದ ಸುನಿಲ್ ಚೆಟ್ರಿ 2025ರ ಮಾರ್ಚ್‌ನಲ್ಲಿ ತಮ್ಮ 40ನೇ ವಯಸ್ಸಿನಲ್ಲಿ ರಾಷ್ಟ್ರೀಯ ತಂಡಕ್ಕೆ ಮರಳಬೇಕಾಯಿತು. ಹಾಗೆಂದು ನಮ್ಮಲ್ಲಿ ಪ್ರತಿಭೆಯಿಲ್ಲ ಎನ್ನುವಂತಿಲ್ಲ. 2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು.

ಈಗ ದಾವಣಗೆರೆ, ಹರಿಹರಕ್ಕೆ ಬರೋಣ. ಇವು ಕುಸ್ತಿ, ಕ್ರಿಕೆಟ್‌ಗಳ ಊರುಗಳು. ಇಲ್ಲಿ ಫುಟ್‌ಬಾಲ್ ಆಡುವ ಹುಡುಗನಿಗೆ ಇರುವ ಮುಖ್ಯ ಏಣಿ ಶಾಲಾ ಕ್ರೀಡಾಕೂಟ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಅದರ ಮೆಟ್ಟಿಲುಗಳು. ಸೋತರೆ ಹೊರಗೆ. ತಾಲ್ಲೂಕಿನ ಮೊದಲ ಪಂದ್ಯದಲ್ಲೇ ಸೋತ ಶಾಲೆಯ ಹುಡುಗನಿಗೆ ಆ ವರ್ಷದ ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. ಹತ್ತನೇ ತರಗತಿಗೆ ಬಂದರೆ ಆಟದ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಪಿಯುಸಿಯಲ್ಲಿ ಟ್ಯೂಷನ್. ಆಟ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಚೆಂಡು ಮೂಲೆ ಸೇರುತ್ತದೆ. ಕ್ರಿಕೆಟ್‌ನಲ್ಲಿ ಹೀಗಿಲ್ಲ. ದಾವಣಗೆರೆಯ ವಿನಯ್ ಕುಮಾರ್ ರಣಜಿಗೆ ಕಾಲಿಟ್ಟದ್ದು 2004–05ರಲ್ಲಿ, ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದ್ದು 2010ರಲ್ಲಿ, 26ನೇ ವಯಸ್ಸಿನಲ್ಲಿ. ನಡುವಿನ ವರ್ಷಗಳಲ್ಲಿ ಅವರಿಗೆ ಸಾಲು ಸಾಲು ಪಂದ್ಯಗಳಿದ್ದವು. ನಿಧಾನವಾಗಿ ಮಾಗಲು ಆ ಆಟ ಜಾಗ ಕೊಟ್ಟಿತು.

‘ಮೊದಲ ತಂಡದಲ್ಲಿ ಆಡುವವರು ಹನ್ನೊಂದೇ ಜನ, ಎಲ್ಲರೂ ಹೇಗೆ ತಲುಪುತ್ತಾರೆ?’ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹೆಚ್ಚಿನವರು ತಲುಪುವುದಿಲ್ಲ, ಯಾವ ದೇಶದಲ್ಲೂ ತಲುಪಿಲ್ಲ. ಹಿಂದೆ ಬೆಂಗಳೂರಿನ ಐಟಿಐ, ಎಚ್‌ಎಎಲ್ ತಂಡಗಳ ಆಟಗಾರರಿಗೆ ಕಾರ್ಖಾನೆಯ ಕೆಲಸವೂ ಇರುತ್ತಿತ್ತು. ಈಗಿನ ಕ್ಲಬ್‌ನಲ್ಲಿ ಒಪ್ಪಂದ ಮುಗಿದರೆ ಹುಡುಗ ಬರಿಗೈ. ಆದ್ದರಿಂದಲೇ ಆಟಕ್ಕಾಗಿ ಓದು ಬಿಡಿಸುವುದೂ ತಪ್ಪು, ಓದಿಗಾಗಿ ಆಟ ಬಿಡಿಸುವುದೂ ತಪ್ಪು. ಯಾರು ಉಳಿಯಬೇಕು, ಯಾರು ಬಿಡಬೇಕು ಎಂಬುದನ್ನು ಹುಟ್ಟಿದ ತಿಂಗಳು, ಮೀಸೆ ಮೂಡಿದ ವಯಸ್ಸು ನಿರ್ಧರಿಸಬಾರದು ಎಂಬುದಷ್ಟೇ ನನ್ನ ವಾದ.

ನಾಳೆ ಶಾಲೆಗೆ ಹೋಗುವ ನಾವು ಮಾಡಬಹುದಾದ ಕೆಲವು ಕೆಲಸಗಳು ಖರ್ಚಿಲ್ಲದವು. ಒಂದು, 14ರೊಳಗಿನ ಮಕ್ಕಳ ಆಟದಲ್ಲಿ ಎಲ್ಲರಿಗೂ ಸರದಿಯಂತೆ ಅವಕಾಶ ಕೊಡುವುದು. ಎರಡು, ಅಭ್ಯಾಸದಲ್ಲಿ ಕೆಲವೊಮ್ಮೆ ವಯಸ್ಸಿನ ಬದಲು ಎತ್ತರ, ತೂಕ ನೋಡಿ ಗುಂಪು ಮಾಡುವುದು. ಆಗ ದೊಡ್ಡ ಮೈಯವನು ಬುದ್ಧಿಯಿಂದ ಆಡಲು ಕಲಿಯುತ್ತಾನೆ, ಸಣ್ಣವನಿಗೆ ಧೈರ್ಯ ಬರುತ್ತದೆ. ಇಂಗ್ಲೆಂಡಿನ ಕ್ಲಬ್‌ಗಳೂ ಇಂಥ ಪ್ರಯೋಗ ಮಾಡಿವೆ. ಮೂರು, ಹೊರಗೆ ಬಿದ್ದ ಶಾಲೆಗಳೇ ಸೇರಿ ಶನಿವಾರದ ಸಣ್ಣ ಲೀಗ್ ನಡೆಸುವುದು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಇದು ಅಸಾಧ್ಯವಲ್ಲ. ನಾಲ್ಕು, ವಿಜ್ಞಾನ, ಗಣಿತ ಶಿಕ್ಷಕರಾಗುವ ನಾವು ಆಟದ ಅವಧಿಯನ್ನು ಕೇಳದಿರುವುದು.

ತರಗತಿಗೂ ಇದು ಪಾಠವೇ. ಮೊದಲ ಕಿರುಪರೀಕ್ಷೆಯಲ್ಲೇ ‘ಜಾಣ’, ‘ದಡ್ಡ’ ಎಂದು ವಿಂಗಡಿಸುವ ಶಿಕ್ಷಕ ಮೈದಾನದ ಆಯ್ಕೆಗಾರನ ತಪ್ಪನ್ನೇ ಮಾಡುತ್ತಾನೆ. ಭದ್ರಾ ನಾಲೆಯ ಕೊನೆಭಾಗದ ರೈತರು ನಮ್ಮ ನೆರೆಹೊರೆಯವರೇ. ಅವರ ಗದ್ದೆಯಲ್ಲಿ ಪೈರು ಒಣಗಿದರೆ ಬೀಜ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ, ನೀರು ಎಲ್ಲಿ ನಿಂತಿತು ಎಂದು ಕೇಳುತ್ತಾರೆ. ಆಟ ಬಿಟ್ಟ ಹುಡುಗನ ವಿಷಯದಲ್ಲೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಅದೇ.