ಅಕ್ಕಡಿ ಹಾಕೋರಿಗೆ ಲೆಕ್ಕ ಬರಲ್ಲ ಅಂದವರಿಗೆ (ಭಾಗ 3)

ಮೊದಲ ಫೋಟೋ ನೋಡಿ. ಜೋಳದ ಸಾಲು, ನಡುವೆ ನೆಲಕ್ಕೆ ಹಬ್ಬಿರೋ ಅಲಸಂದೆ ಬಳ್ಳಿ. ಉತ್ತರ ನೈಜೀರಿಯಾದ ಹೊಲ ಇದು. ನಾವು ಅಕ್ಕಡಿ ಸಾಲು ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಇದನ್ನ ನೋಡಿ ನಮ್ಮ ಕ್ಲಾಸಲ್ಲಿ ಒಬ್ಬ, "ಲೆಕ್ಕ ಬರದವರ ಬೇಸಾಯ" ಅಂದ. ಬಿಕಾಂ ಓದೋನೇ ಹಿಂಗಂದ್ರೆ ಹೆಂಗೆ?

ಲೆಕ್ಕಾನೇ ಮಾಡೋಣ ಬನ್ನಿ. 1960ರ ದಶಕದಲ್ಲಿ ಝಾರಿಯಾ ಹತ್ತಿರದ ಸಮಾರುವಿನಲ್ಲಿದ್ದ ಡೇವಿಡ್ ನಾರ್ಮನ್ ಅನ್ನೋ ಅರ್ಥಶಾಸ್ತ್ರಜ್ಞರು ಸುತ್ತಲಿನ ರೈತರ ದುಡಿಮೆ, ಆದಾಯ ಎಲ್ಲ ಬರೆದಿಟ್ಟರು. ಮಿಶ್ರ ಬೆಳೆಯಲ್ಲಿ ಒಂದೊಂದು ಬೆಳೆಯ ಇಳುವರಿ ಕಮ್ಮಿ, ಹೊಲದ ಒಟ್ಟು ಆದಾಯ ಜಾಸ್ತಿ. ಜೂನ್-ಜುಲೈ ಕಳೆ ತೆಗೆಯೋ ಹೊತ್ತಲ್ಲಿ ಆಳು ಸಿಗಲ್ಲ; ಆಗ ದುಡಿದ ಒಂದೊಂದು ಗಂಟೆಗೂ ಮಿಶ್ರ ಬೆಳೆಯೇ ಹೆಚ್ಚು ಕೊಟ್ಟಿತು. ಮಾರ್ಜಿನಲ್ ಕಾಸ್ಟಿಂಗ್‌ನ ಕೀ ಫ್ಯಾಕ್ಟರ್ ನೆನಪಾಯ್ತಾ? ಯಾವುದು ಕೊರತೆಯೋ ಅದರ ಮೇಲಿನ ಗಳಿಕೆ ನೋಡು ಅಂತ ನಮಗೆ ಐದನೇ ಸೆಮಿಸ್ಟರ್‌ನಲ್ಲಿ ಹೇಳಿಕೊಟ್ಟರು. ಆ ರೈತರು ಅದನ್ನ ಹೊಲದಲ್ಲೇ ಮಾಡ್ತಿದ್ರು.

ಇನ್ನು ಮೇವು. ಕಾಳು ಬಿಡಿಸಿದ ಮೇಲೆ ಅಲಸಂದೆ ಬಳ್ಳಿ ಒಣಗಿಸಿ ಮಾಳಿಗೆ ಮೇಲೆ, ಮರದ ಕವಲಲ್ಲಿ ಇಡ್ತಾರೆ (ಫೋಟೋ 4). ಮಳೆಯಿಲ್ಲದ ಉದ್ದನೆ ತಿಂಗಳುಗಳಲ್ಲಿ ಕುರಿ, ಆಡಿಗೆ ಅದೇ ಆಧಾರ, ಮಾರಿದರೆ ದುಡ್ಡೂ ಬರುತ್ತೆ. ಎಕರೆಗೆ ಎಷ್ಟು ಕ್ವಿಂಟಲ್ ಜೋಳ ಅಂತ ಮಾತ್ರ ಕೇಳೋರ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಸುಳ್ಳು ಹೇಳಲ್ಲ, ತೊಂದರೆಗಳೂ ಇವೆ. ಎತ್ತರದ ಜೋಳದ ನೆರಳಿಗೆ ಅಲಸಂದೆ ಸೊರಗುತ್ತೆ, ಕಾಯಿಕೊರಕ ಬಿದ್ದರೆ ಕಾಳು ಕೈಗೆ ಸಿಗಲ್ಲ. "ಅಲಸಂದೆ ಪಕ್ಕದ ಜೋಳಕ್ಕೆ ಗೊಬ್ಬರ ಕೊಡುತ್ತೆ" ಅನ್ನೋ ರೀಲ್ಸ್‌ಗಳನ್ನೂ ಪೂರ್ತಿ ನಂಬಬೇಡಿ. ಆ ಸಾರಜನಕದ ಲಾಭ ಹೆಚ್ಚಾಗಿ ಮುಂದಿನ ವರ್ಷದ ಬೆಳೆಗೆ, ಅದೂ ಬಳ್ಳಿನೆಲ್ಲ ಕಿತ್ತು ಒಯ್ಯದಿದ್ದರೆ.

ಇಷ್ಟು ಸಿಟ್ಟು ಯಾಕೆ ಅಂತೀರಾ? ನಮ್ಮ ಆಯಿ ಇರೋವರೆಗೂ ನಮ್ಮ ಹೊಲದಲ್ಲಿ ಅಕ್ಕಡಿ ಇತ್ತು. ಆಮೇಲೆ ಅಪ್ಪ, "ಎಲ್ಲಾರೂ ಬರೀ ತೊಗರಿ ಹಾಕ್ಯಾರ, ನಾವೊಬ್ರೇ ಯಾಕ ಹಿಂದ ಉಳೀಬೇಕು" ಅಂದ್ರು. ತೊಗರಿ ಹೂವಿಗೆ ಬಂದಾಗ ಮಳೆ ಕೈಕೊಡ್ತು. ಮನೇಲಿ ಕಾಳಿಲ್ಲ, ಕೊಟ್ಟಿಗೇಲಿ ಮೇವಿಲ್ಲ. ಎಮ್ಮೆ ಮಾರಿ ನನ್ನ ಎರಡನೇ ಸೆಮಿಸ್ಟರ್ ಫೀಸ್ ಕಟ್ಟಿದ್ವಿ.

ನಿಮ್ಮ ಮನೇಲಿ ಅಕ್ಕಡಿ ಬಿತ್ತಿದೋರಿದ್ರೆ ಕಾಳಿನ ಜೊತೆ ಮೇವಿನ ಲೆಕ್ಕಾನೂ ಕೇಳಿ ಕೆಳಗೆ ಬರೀರಿ. ಭಾಗ 4ರಲ್ಲಿ ನಮ್ಮನೆ ಲೆಕ್ಕ ಹಾಕ್ತೀನಿ, ಅಪ್ಪ ಒಪ್ಪಿದಾರೆ.