ಪಾಯಕ್ಕೆ ಮುನ್ನ ಒಂದು ಹಾಳೆ

ತಗಡೂರಿನಂಥ ಊರಲ್ಲಿ ಮನೆ ಕಟ್ಟುವವರು ಗುದ್ದಲಿ ಪೂಜೆಗೆ ಮುಹೂರ್ತ ನೋಡುತ್ತಾರೆ, ಮೇಸ್ತ್ರಿಯೊಂದಿಗಿನ ಒಪ್ಪಂದವನ್ನು ಮಾತ್ರ ಬಾಯಿಮಾತಿಗೆ ಬಿಡುತ್ತಾರೆ. ಚದರಕ್ಕೆ ಇಷ್ಟು ಎಂದರೆ ಸಜ್ಜಾ, ಸಂಪು, ಮೆಟ್ಟಿಲು ಅದರಲ್ಲಿ ಸೇರಿತೇ? ಜಗಳ ಹುಟ್ಟುವುದೇ ಅಲ್ಲಿ. ಹಣವನ್ನು ಪಾಯ, ಲಿಂಟಲ್, ತಾರಸಿ ಎಂದು ಹಂತಹಂತಕ್ಕೆ ಬರೆದಿಡಿ. ಕ್ಯೂರಿಂಗ್ ಯಾರ ಹೊಣೆ ಎಂಬುದನ್ನೂ. ಮಿಶ್ರ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕೆನ್ನುತ್ತದೆ ಭಾರತೀಯ ಮಾನಕ 456.

‘ಊರವರ ನಡುವೆ ಕಾಗದವೇಕೆ, ನಂಬಿಕೆ ಸಾಲದೇ?’ ಎನ್ನುವವರಿದ್ದಾರೆ. ನಂಬಿಕೆ ಬೇಕು, ಆದರೆ ವರ್ಷ ಕಳೆದರೆ ಇಬ್ಬರ ನೆನಪೂ ಒಂದೇ ಆಗಿರುವುದಿಲ್ಲ. ನೆರೆಯವರ ವಿಷಯವೂ ಹಾಗೆಯೇ: ಇ-ಸ್ವತ್ತಿನ ಅಳತೆ ಹಿಡಿದು, ಅವರನ್ನು ನಿಲ್ಲಿಸಿಕೊಂಡೇ ದಾರ ಕಟ್ಟಿಸಿ. 1882ರ ಈಸ್‌ಮೆಂಟ್ ಕಾಯ್ದೆಯಂತೆ, 20 ವರ್ಷ ಅಡ್ಡಿಯಿಲ್ಲದೆ ಅವರ ಮನೆಗೆ ಬಂದ ಗಾಳಿ-ಬೆಳಕು ಹಕ್ಕಾಗಬಲ್ಲದು. ಗೋಡೆ ಎದ್ದ ಮೇಲೆ ಇದನ್ನು ತಿಳಿದರೆ ಕೆಡವುವ ಕೂಲಿಯೂ ನಿಮ್ಮದೇ.